ತ್ಯಾಗವೀರ ಶಿರಸಂಗಿ ಲಿಂಗರಾಜರು

ಸಂಪತ್ತನ್ನು ಸಂಪಾದಿಸಿದವರು ಲೋಕದಲ್ಲಿ ಬಹುಮಂದಿ. ಅದನ್ನು ಸಮಾಜಕ್ಕೆ ಒಪ್ಪಿಸಿದವರು ವಿರಳ. ಅಂಥ ವಿರಳರಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರು ಅಗ್ರಗಣ್ಯರು.

1861ರಲ್ಲಿ ಶಿಗ್ಲಿಯಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಶಿರಸಂಗಿಯ ದೇಸಗತಿಗೆ ದತ್ತಕರಾಗಿ ಬಂದರು. ಹೊಲಮನೆಯುಳ್ಳವನಿಗೆ ಓದೇಕೆಂದು ಕೆಲವರೂ, ಇಂಗ್ಲಿಷ್ ವಿದ್ಯೆಯಿಂದ ಆಚಾರ ಕೆಡುವುದೆಂದು ಕೆಲವರೂ ಭಾವಿಸುತ್ತಿದ್ದ ಕಾಲವದು. ಲಿಂಗರಾಜರ ನಡೆಯೇ ಇಬ್ಬರಿಗೂ ಉತ್ತರವಾಯಿತು. ಹಾನಗಲ್ಲ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅವರೇ ಅಧ್ಯಕ್ಷರಾಗಿದ್ದರು.

ಮಗನಿಲ್ಲದ ದೇಸಾಯರು ದತ್ತಕ ಪಡೆದು ಮನೆತನವನ್ನು ಮುಂದುವರಿಸುವುದು ರೂಢಿ. ತಾವೇ ದತ್ತಕರಾಗಿ ಬಂದಿದ್ದ ಲಿಂಗರಾಜರು ಆ ರೂಢಿಯನ್ನು ಬದಿಗಿರಿಸಿ, ಮರಣಶಾಸನದ ಮೂಲಕ ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. 1906ರಲ್ಲಿ ಲಿಂಗೈಕ್ಯರಾದಾಗ ಅವರಿಗೆ 45 ವರ್ಷ. 1933ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಬೆಳಗಾವಿಯಲ್ಲಿ ತೆರೆದ ಕಾಲೇಜು ಅವರ ಹೆಸರನ್ನು ಧರಿಸಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಒಕ್ಕಲು ಮನೆಗಳ ಮಕ್ಕಳಿಗೆ ಉಚ್ಚ ಶಿಕ್ಷಣವು ಹೀಗೆ ಸಮೀಪವಾಯಿತು.

ಇಂದು ಘಟಪ್ರಭೆಯ ನೀರಿನಿಂದ ಈ ಸೀಮೆಯಲ್ಲಿ ಕಬ್ಬು ಬೆಳೆದು ಸಿರಿ ಹೆಚ್ಚಿದೆ. ಮನೆ, ವಾಹನ, ಉಡುಗೆಗಳೆಲ್ಲ ಹೊಸವಾಗಿವೆ. ಇವುಗಳಲ್ಲಿ ದೋಷವಿಲ್ಲ. ಕಾಯಕದಿಂದ ಬಂದ ಸಿರಿಯು ದಾಸೋಹಕ್ಕೆ ಸಲ್ಲದಿದ್ದರೆ, ಕಲಿತ ವಿದ್ಯೆಯು ವಿನಯವನ್ನು ತಾರದಿದ್ದರೆ ಅದೇ ದೋಷವೆಂದು ಶರಣಧರ್ಮವು ಬೋಧಿಸುತ್ತದೆ. ಮದುವೆಯ ಮಂಟಪಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ನೆರೆಮನೆಯ ಬಡ ಬಾಲಕಿಯ ಓದಿಗೆ ತೆಗೆದಿರಿಸುವ ಸದ್ಭಕ್ತನೇ ಲಿಂಗರಾಜರ ನಿಜವಾದ ವಾರಸುದಾರನು.