ಈಜುಗಾರ್ತಿ ಆನೆಟ್ ಕೆಲ್ಲರ್‌ಮನ್

ಇಂದು ನಮ್ಮ ಸಹೋದರಿಯರು ಈಜುಕೊಳಕ್ಕೆ ಇಳಿದರೆ ಯಾರೂ ಬೆರಗಾಗುವುದಿಲ್ಲ. ಆದರೆ ಒಂದು ಶತಮಾನಕ್ಕೂ ಹಿಂದೆ ಪಾಶ್ಚಾತ್ಯ ದೇಶಗಳಲ್ಲಿಯೂ ಸ್ತ್ರೀಯರು ಲಂಗ, ಕಾಲುಚೀಲಗಳನ್ನು ತೊಟ್ಟೇ ನೀರಿಗಿಳಿಯಬೇಕಾಗಿತ್ತು. ಆ ಉಡುಪಿನಲ್ಲಿ ಮೀಯಬಹುದೇ ಹೊರತು ಸರಾಗವಾಗಿ ಈಜಲಾಗದು. ಈ ಕಟ್ಟನ್ನು ಸಡಿಲಿಸಿದವರಲ್ಲಿ ಆನೆಟ್ ಕೆಲ್ಲರ್‌ಮನ್ ಅಗ್ರಗಣ್ಯಳು.

ಆಕೆ 1886ರ ಜುಲೈ 6ರಂದು ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ಜನಿಸಿದಳು. ತಂದೆ ಪಿಟೀಲುವಾದಕರು; ತಾಯಿ ಪಿಯಾನೋ ವಿದುಷಿ. ಸಂಗೀತ ತುಂಬಿದ ಆ ಮನೆಯಲ್ಲಿ ಬಾಲಿಕೆಯ ಕಾಲುಗಳು ಮಾತ್ರ ದುರ್ಬಲವಾಗಿದ್ದವು. ಅವುಗಳಿಗೆ ಉಕ್ಕಿನ ಪಟ್ಟಿಗಳನ್ನು ಬಿಗಿಯಲಾಯಿತು. ಕಾಲಿಗೆ ಬಲ ಬರಲೆಂದು ಈಜು ಕಲಿಸಿದರು. ಹದಿಮೂರನೆಯ ವಯಸ್ಸಿನ ವೇಳೆಗೆ ಕಾಲುಗಳು ಬಹುಮಟ್ಟಿಗೆ ಸರಿಹೋದವು. 1902ರಲ್ಲಿ ಆಕೆ ನ್ಯೂ ಸೌತ್ ವೇಲ್ಸ್ ಪ್ರಾಂತದ ಮಹಿಳೆಯರ ಒಂದು ಮೈಲಿ ಸ್ಪರ್ಧೆಯನ್ನು 33 ನಿಮಿಷ 49 ಸೆಕೆಂಡುಗಳಲ್ಲಿ ಗೆದ್ದಳು. ಔಷಧವಾಗಿ ಬಂದ ವಿದ್ಯೆಯೇ ಆಕೆಯ ಜೀವನವಾಯಿತು.

1905ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ತೆರಳಿ, ಥೇಮ್ಸ್ ನದಿಯಲ್ಲಿ ದೀರ್ಘದೂರ ಈಜಿ ಹೆಸರು ಪಡೆದಳು. ಇಂಗ್ಲಿಷ್ ಕಾಲುವೆಯನ್ನು ದಾಟಲು ಮೂರು ಬಾರಿ ಯತ್ನಿಸಿದಳು. ಒಮ್ಮೆ ಹತ್ತೂವರೆ ಗಂಟೆಗಳ ಕಾಲ ಆ ಕೊರೆಯುವ ನೀರಿನಲ್ಲಿದ್ದಳು. ಮೂರು ಬಾರಿಯೂ ಸೋತಳು. ಆದರೆ ಆಕೆ ಎದೆಗುಂದಲಿಲ್ಲ.

ಗಂಡಸರ ಈಜುಡುಪಿಗೆ ಕಾಲುಚೀಲಗಳನ್ನು ಹೊಲಿದು, ಮೈಗೊಪ್ಪುವ ಒಂದೇ ತುಂಡಿನ ಉಡುಪನ್ನು ಆಕೆ ಸಿದ್ಧಪಡಿಸಿಕೊಂಡಳು. ಲಂಡನ್ನಿನ ಹಿಪ್ಪೊಡ್ರೋಮ್ ರಂಗಮಂದಿರದಲ್ಲಿಯೂ, ಅನಂತರ ನ್ಯೂಯಾರ್ಕಿನಲ್ಲಿಯೂ ಜಲಪ್ರದರ್ಶನಗಳನ್ನು ನೀಡಿದಳು. ಗಾಜಿನ ತೊಟ್ಟಿಯೇ ಆಕೆಯ ರಂಗಸ್ಥಳ. ಈಜೇ ಆಕೆಯ ನೃತ್ಯ. ತವರಿನ ಸಂಗೀತವೂ ಕಲಿತ ಈಜೂ ಅಲ್ಲಿ ಒಂದಾದವು. ಮುಂದೆ ಆಕೆ ಮೂಕಿ ಚಿತ್ರಗಳಲ್ಲಿ ನಟಿಸಿದಳು. ಸ್ತ್ರೀಯರ ಆರೋಗ್ಯಕ್ಕೆ ಈಜು ಹಿತವೆಂದು ಊರೂರಿನಲ್ಲಿ ಉಪನ್ಯಾಸ ಮಾಡಿದಳು.

ಕಾಲ ಬದಲಾಯಿತು. 1912ರ ಒಲಿಂಪಿಕ್ ಕೂಟದಲ್ಲಿ ಮೊದಲ ಬಾರಿಗೆ ಮಹಿಳೆಯರಿಗೆ ಈಜು ಸ್ಪರ್ಧೆಗಳು ನಡೆದವು. 1926ರಲ್ಲಿ ಅಮೆರಿಕದ ಗರ್ಟ್ರೂಡ್ ಎಡರ್ಲೆ ಇಂಗ್ಲಿಷ್ ಕಾಲುವೆಯನ್ನು ದಾಟಿದ ಪ್ರಥಮ ಮಹಿಳೆಯಾದಳು. 1959ರಲ್ಲಿ ನಮ್ಮ ದೇಶದ ಆರತಿ ಸಾಹಾ ಅದೇ ಸಾಹಸ ಮಾಡಿ, ಏಷ್ಯದ ಮಹಿಳೆಯರಲ್ಲಿ ಮೊದಲಿಗಳೆನಿಸಿದಳು.

ಆನೆಟ್ 1975ರ ನವೆಂಬರಿನಲ್ಲಿ ತಾಯ್ನಾಡಿನಲ್ಲಿಯೇ ತೀರಿಕೊಂಡಳು. ತಾನು ಮುಟ್ಟಲಾರದ ದಡವನ್ನು ಇತರರು ಮುಟ್ಟಿದ್ದನ್ನು ಆಕೆ ಕಂಡಿದ್ದಳು. ಸ್ಪರ್ಧೆಯಲ್ಲಿ ಸೋತು ಮನೆಗೆ ಮರಳುವ ದಿನ ನಾವು ಆಕೆಯನ್ನು ನೆನೆಯೋಣ. ಮೊದಲು ನೀರಿಗಿಳಿದವರ ಸೋಲೂ ಹಿಂದೆ ಬರುವವರಿಗೆ ದಾರಿಯಾಗುತ್ತದೆ.