ಪೀಪಾಯಿಯನ್ನು ಅಳೆದ ಕೆಪ್ಲರ್

ಗ್ರಹಗಳು ಸೂರ್ಯನನ್ನು ದೀರ್ಘವೃತ್ತಾಕಾರದ ಪಥದಲ್ಲಿ ಸುತ್ತುತ್ತವೆಂದು ತೋರಿಸಿಕೊಟ್ಟ ಯೋಹಾನೆಸ್ ಕೆಪ್ಲರನು 1571ರಲ್ಲಿ ಜರ್ಮನಿಯ ವೈಲ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ಎಳವೆಯಲ್ಲಿ ತಗುಲಿದ ಸಿಡುಬಿನಿಂದ ಅವನ ದೃಷ್ಟಿ ಮಂದವಾಯಿತು. ಆಕಾಶವನ್ನು ಕಣ್ಣಿಗಿಂತ ಹೆಚ್ಚಾಗಿ ಲೆಕ್ಕದಿಂದಲೇ ಕಂಡವನು ಅವನು.

1611 ಅವನ ಪಾಲಿಗೆ ದಾರುಣವಾದ ವರ್ಷ. ಆರು ವರ್ಷದ ಮಗನೂ ಬಳಿಕ ಪತ್ನಿಯೂ ತೀರಿಕೊಂಡರು. ಮರುವರ್ಷ ಪ್ರಾಗ್ ನಗರವನ್ನು ತೊರೆದು ಆಸ್ಟ್ರಿಯದ ಲಿಂಟ್ಸ್ ಪಟ್ಟಣವನ್ನು ಸೇರಿದ ಕೆಪ್ಲರನು 1613ರಲ್ಲಿ ಸುಸಾನಾ ಎಂಬಾಕೆಯನ್ನು ವಿವಾಹವಾದನು. ಆಗ ಡ್ಯಾನ್ಯೂಬ್ ನದಿಯ ದಡದಲ್ಲಿ ದ್ರಾಕ್ಷಾರಸದ ಪೀಪಾಯಿಗಳು ಬಂದಿಳಿದಿದ್ದವು. ಹೊಸ ಸಂಸಾರಕ್ಕೆಂದು ಅವನು ಕೆಲವನ್ನು ಕೊಂಡನು.

ಮಾರುವವನು ಪೀಪಾಯಿಯ ನಡುವಿನ ರಂಧ್ರದೊಳಗೆ ಅಳತೆಕೋಲನ್ನು ಓರೆಯಾಗಿ ಇಳಿಸಿ, ತುದಿಯ ಹಲಗೆಯ ಕೆಳಅಂಚಿಗೆ ತಾಗಿಸಿ, ಗುರುತನ್ನು ನೋಡಿ ಬೆಲೆ ಹೇಳಿಬಿಟ್ಟನು. ಎಲ್ಲ ಪೀಪಾಯಿಗಳಿಗೂ ಅದೇ ಕೋಲು. ಆಕಾರದ ವಿಚಾರಣೆಯೇ ಇಲ್ಲ! ಕೆಪ್ಲರನಿಗೆ ಸಂಶಯ ಮೂಡಿತು. ಪೀಪಾಯಿಯನ್ನು ಸಿಲಿಂಡರೆಂದು ಭಾವಿಸಿ ವಿದ್ಯಾರ್ಥಿಗಳೂ ಲೆಕ್ಕ ಮಾಡಿ ನೋಡಬಹುದು. ವ್ಯಾಸ 10 ಅಂಗುಲ, ಉದ್ದ 14 ಅಂಗುಲ ಇದ್ದರೆ ಕೋಲು 12 ಅಂಗುಲಕ್ಕೆ ತುಸು ಮೇಲೆ ತೋರಿಸುತ್ತದೆ. ಒಳಗೆ ಹಿಡಿಯುವುದು ಸುಮಾರು 1,100 ಘನ ಅಂಗುಲ. ವ್ಯಾಸ 5.3 ಅಂಗುಲ, ಉದ್ದ 22 ಅಂಗುಲ ಇದ್ದರೂ ಕೋಲು ಅಷ್ಟನ್ನೇ ತೋರಿಸುತ್ತದೆ. ಆದರೆ ಹಿಡಿಯುವುದು 485 ಘನ ಅಂಗುಲ ಮಾತ್ರ. ಕೊಳ್ಳುವವನ ಹಣ ಅರ್ಧಕ್ಕಿಂತ ಹೆಚ್ಚು ಪೋಲಾದಂತೆಯೇ ಸರಿ.

ಪೀಪಾಯಿಯ ಹೊಟ್ಟೆ ಉಬ್ಬಿರುವುದರಿಂದ ನಿಜವಾದ ಲೆಕ್ಕ ಇಷ್ಟು ಸುಲಭವಲ್ಲ. ಕೆಪ್ಲರನು ಅಂತಹ ಆಕೃತಿಗಳನ್ನು ಅತಿ ತೆಳುವಾದ ಬಿಲ್ಲೆಗಳಾಗಿ ಕಲ್ಪಿಸಿಕೊಂಡು ಅವುಗಳ ಗಾತ್ರವನ್ನು ಕೂಡಿಸಿದನು. ಮುಂದೆ ಬೆಳೆದ ಕಲನಶಾಸ್ತ್ರದ ಬೀಜ ಇಂತಹ ಲೆಕ್ಕಗಳಲ್ಲಿತ್ತು. ಕೊನೆಗೆ ಅವನು ಕಂಡದ್ದು ಅನಿರೀಕ್ಷಿತ. ಕೋಲಿನ ಅಳತೆ ಒಂದೇ ಆಗಿರುವಾಗ, ಉದ್ದವು ವ್ಯಾಸದ ಸುಮಾರು 1.4ರಷ್ಟಿದ್ದರೆ ಪಾತ್ರೆ ಅತಿ ಹೆಚ್ಚು ಹಿಡಿಯುತ್ತದೆ. ಆಸ್ಟ್ರಿಯದ ಪೀಪಾಯಿಗಳು ಹೆಚ್ಚುಕಡಿಮೆ ಅದೇ ಪ್ರಮಾಣದವು. ಆ ಪ್ರಮಾಣದ ಆಸುಪಾಸಿನಲ್ಲಿ ಕೊಂಚ ವ್ಯತ್ಯಾಸವಾದರೂ ನಷ್ಟ ಅತ್ಯಲ್ಪ. ಮೋಸವನ್ನು ಹುಡುಕಹೊರಟವನು ವ್ಯಾಪಾರಿಯ ಕೋಲು ಆ ನಾಡಿನ ಮಟ್ಟಿಗೆ ಸರಿಯೆಂದು ಒಪ್ಪಿಕೊಂಡನು.

ಈ ವಿಚಾರವಾಗಿ ಅವನು ಬರೆದ ಲ್ಯಾಟಿನ್ ಗ್ರಂಥ 1615ರಲ್ಲಿ ಲಿಂಟ್ಸಿನಲ್ಲಿ ಅಚ್ಚಾಯಿತು. ಮರುವರ್ಷ ಜನಸಾಮಾನ್ಯರಿಗಾಗಿ ಜರ್ಮನ್ ಭಾಷೆಯಲ್ಲಿಯೂ ಹೊರಬಂದಿತು. ಅಷ್ಟರಲ್ಲಿ ಅವನ ವೃದ್ಧ ತಾಯಿಯ ಮೇಲೆ ಮಾಟಗಾತಿಯೆಂಬ ಆರೋಪ ಬಂದಿತ್ತು. ಕೆಪ್ಲರನು ತಾನೇ ನಿಂತು ವಾದ ನಡೆಸಿದ್ದರಿಂದ 1621ರಲ್ಲಿ ಆಕೆ ಬಿಡುಗಡೆ ಹೊಂದಿದಳು. ತನಗೆ ಬರಬೇಕಾಗಿದ್ದ ಬಾಕಿ ಹಣಕ್ಕಾಗಿ ಅಲೆಯುತ್ತಿದ್ದ ಅವನು 1630ರಲ್ಲಿ ರೇಗನ್ಸ್‌ಬರ್ಗಿನಲ್ಲಿ ಜ್ವರದಿಂದ ಮೃತನಾದನು. ಅವನ ಸಮಾಧಿ ಯುದ್ಧದಲ್ಲಿ ನೆಲಸಮವಾಯಿತು.