ಶ್ರೀ ಪುರಂದರದಾಸರ ಗೃಹಧರ್ಮ

ಶ್ರೀ ಪುರಂದರದಾಸರು 1564ರಲ್ಲಿ ಹರಿಪಾದವನ್ನು ಸೇರಿದ ಪುಷ್ಯ ಬಹುಳ ಅಮಾವಾಸ್ಯೆಯು ಮಾಧ್ವಗೃಹಗಳಲ್ಲಿ ಪುಣ್ಯದಿನ. ಪೂರ್ವದಲ್ಲಿ ಅವರು ಶ್ರೀನಿವಾಸ ನಾಯಕರೆಂಬ ಧನಿಕರು. ಆದರೆ ಕೈ ಬಹಳ ಬಿಗಿ. ಮಗನ ಉಪನಯನಕ್ಕೆಂದು ಯಾಚಿಸಿ ಬಂದ ವೃದ್ಧ ಬ್ರಾಹ್ಮಣನನ್ನು ನಾಯಕರು ತಿಂಗಳುಗಟ್ಟಲೆ ಅಲೆದಾಡಿಸಲು, ಸಾಧ್ವಿ ಸರಸ್ವತೀಬಾಯಿಯವರು ತವರಿನ ಮೂಗುತಿಯನ್ನೇ ತೆಗೆದುಕೊಟ್ಟರೆಂಬುದು ಸಂಪ್ರದಾಯದ ಕಥೆ. ಅದು ಮಾರಾಟಕ್ಕೆ ಬಂದದ್ದು ನಾಯಕರ ಅಂಗಡಿಗೇ! ಪತಿಯು ಮೂಗುತಿ ಎಲ್ಲಿಯೆಂದು ಕೇಳಿದಾಗ ಆಕೆ ವಿಷದ ಬಟ್ಟಲನ್ನೆತ್ತಿದರು. ಮೂಗುತಿಯು ಆ ಬಟ್ಟಲಲ್ಲಿಯೇ ದೊರೆಯಿತು, ಅಂಗಡಿಯ ಪೆಟ್ಟಿಗೆ ಬರಿದಾಗಿತ್ತು. ನಾಯಕರು ಸರ್ವಸ್ವವನ್ನೂ ಕೃಷ್ಣಾರ್ಪಣ ಮಾಡಿ ಸಂಸಾರಸಮೇತರಾಗಿ ಹೊರಟರು. ವಿಜಯನಗರದಲ್ಲಿ ಶ್ರೀ ವ್ಯಾಸರಾಯರಿಂದ ದಾಸದೀಕ್ಷೆಯಾಯಿತು.

ದಾಸರಾದ ಮೇಲೂ ಅವರು ಗೃಹಸ್ಥರೇ. ಮಧುಕರಿಯಲ್ಲಿ ದೊರೆತ ಧಾನ್ಯವು ಅಂದಿನ ನೈವೇದ್ಯಕ್ಕೆ, ಅಂದಿನ ಅತಿಥಿಗಳಿಗೆ; ನಾಳೆಗೆಂದು ಒಂದು ಹಿಡಿಯನ್ನೂ ಇಡುತ್ತಿರಲಿಲ್ಲವೆಂದು ಹೇಳುವರು. ತಮ್ಮನ್ನು ಈ ಮಾರ್ಗಕ್ಕೆ ಹಚ್ಚಿದವಳು ಪತ್ನಿಯೇ ಎಂದು ದಾಸರು ಪದದಲ್ಲಿ ಮನಸಾರೆ ಸ್ಮರಿಸಿದ್ದಾರೆ. ಪತ್ನಿಯ ಉಪಕಾರವನ್ನು ಊರು ಕೇಳುವಂತೆ ಹಾಡುವ ಪತಿ ಅಂದಿಗೂ ಅಪರೂಪ, ಇಂದಿಗೂ ಅಪರೂಪವೇ.

ಗೋಕುಲಾಷ್ಟಮಿಯ ತೊಟ್ಟಿಲಿಗೆ ಅವರದೇ ಜೋಗುಳ. ಶುಕ್ರವಾರಗಳಂದು, ವರಮಹಾಲಕ್ಷ್ಮೀ ವ್ರತದಂದು ನಮ್ಮ ಸುವಾಸಿನಿಯರು ಲಕ್ಷ್ಮೀದೇವಿಯನ್ನು ಮನೆಗೆ ಕರೆಯುವುದೂ, ಬಂದ ಲಕ್ಷ್ಮಿಯನ್ನೆಲ್ಲ ದಾನವಿತ್ತ ಆ ಮಹನೀಯರ ಪದದಿಂದಲೇ.